ವಾಂತಿಯಾದಾಗಲೆಲ್ಲ ಮತ್ತೆ ಕುಡಿಸಿದ ಔಷಧ

೧೯೯೩ರಲ್ಲಿ ಏಳನೆಯ ಇಯತ್ತೆ ಮುಗಿಸಿ ನಾನು ಶಾಲೆ ಬಿಟ್ಟೆ. ಅಪ್ಪ ತೀರಿಕೊಂಡಿದ್ದ, ತಮ್ಮ ಬಸು ಇನ್ನೂ ಅವ್ವನ ಕಂಕುಳಲ್ಲಿದ್ದ. ನಮಗಿದ್ದ ಜಮೀನು ಅಥಣಿಯಿಂದ ಕಾಗವಾಡಕ್ಕೆ ಹೋಗುವ ರಸ್ತೆಯ ಒಳಬದಿಗೆ, ಅರ್ಧ ಮಣ್ಣು ಅರ್ಧ ಕಲ್ಲು. ಹುಡುಗ ಶಾಣ್ಯಾ ಇದ್ದಾನೆ, ಶಾಲೆಗೆ ಕಳಿಸಿರಿ ಎಂದು ಮಾಸ್ತರರು ಮನೆಗೆ ಬಂದು ಹೇಳಿ ಹೋದರು. ಆ ಶಾಣ್ಯಾತನವನ್ನು ನಾನು ಕಲ್ಲು ಆರಿಸುವುದಕ್ಕೆ ಹಾಕಿದೆ. ಆರಿಸಿದ ಕಲ್ಲಿನಿಂದ ಬದು ಕಟ್ಟಿದೆ, ಬಾವಿ ಆಳ ಮಾಡಿದೆ, ಕಬ್ಬು ಹಚ್ಚಿದೆ, ಆಮೇಲೆ ಊರಿನವರು ನಗುವಾಗಲೇ ದ್ರಾಕ್ಷಿ ಪಡ ಹಾಕಿದೆ. ಈಗ ಕೃಷಿ ಓದಿದ ಹುಡುಗರು ಕಾರಿನಲ್ಲಿ ಬಂದು ನನ್ನ ಪಡದ ಫೋಟೋ ತೆಗೆದುಕೊಂಡು ಹೋಗುತ್ತಾರೆ. ಇದನ್ನು ಜಂಬಕ್ಕೆ ಹೇಳುತ್ತಾನೆ ಅಂದರೆ ಅನ್ನಲಿ. ದುಡಿದಿದ್ದೇನೆ, ಹೇಳುತ್ತೇನೆ.

ಕಳೆದ ವಾರ ಅವ್ವನ ಬಿಪಿ ಗುಳಿಗೆ ತರಲು ಅಥಣಿಯ ಒಂದು ಮೆಡಿಕಲ್ ಅಂಗಡಿಗೆ ಹೋಗಿದ್ದೆ. ನನ್ನ ಮುಂದೆ ನಿಂತಿದ್ದ ಹೆಣ್ಣುಮಗಳ ಕೈಯಿಂದ ಮಕ್ಕಳ ಜ್ವರದ ಔಷಧದ ಬಾಟಲಿ ಜಾರಿ ಬಿದ್ದು ಒಡೆಯಿತು. ಕಿತ್ತಳೆ ಪೆಪ್ಪರಮಿಂಟಿನ ಹಾಗಿನ ಸಿಹಿ ವಾಸನೆ ಅಂಗಡಿ ತುಂಬ ಎದ್ದಿತು. ಉಳಿದವರು ಗಾಜು ತುಳಿಯದಂತೆ ಸರಿದು ನಿಂತರು, ಅಷ್ಟೇ. ನಾನು ಗುಳಿಗೆ ತೆಗೆದುಕೊಳ್ಳದೆ ಹೊರಗೆ ಬಂದೆ. ಮೋಟರ್‌ಸೈಕಲ್ಲಿಗೆ ಒರಗಿ ನಿಲ್ಲಲು ನೋಡಿದೆ, ಆಗಲಿಲ್ಲ. ಬಸ್‌ಸ್ಟ್ಯಾಂಡಿನ ತನಕ ಕೆಲಸವಿಲ್ಲದೆ ನಡೆದು ಹೋಗಿ ತಿರುಗಿ ಬಂದೆ. ಆ ವಾಸನೆ ಬಂತೆಂದರೆ ಹೂವಿನ ಹೊತ್ತಿಗೆ ಮಳೆ ಬಂದ ಆ ವರ್ಷ ಬಂತೆಂದೇ ಲೆಕ್ಕ.

ದಸರೆಯ ಸುಮಾರಿಗೆ ನಾವು ದ್ರಾಕ್ಷಿ ಬಳ್ಳಿಯ ಚಾಟಣಿ ಮಾಡುತ್ತೇವೆ, ಅಂದರೆ ಹಳೆಯ ಕಡ್ಡಿ ಕತ್ತರಿಸಿ ಹೊಸ ಚಿಗುರು ಎಬ್ಬಿಸುತ್ತೇವೆ. ದೀಪಾವಳಿ ದಾಟುವ ಹೊತ್ತಿಗೆ ಚಿಗುರಿನಲ್ಲಿ ಹೂವಿನ ಗೊನೆಗಳು ಕಾಣುತ್ತವೆ. ಆಗ ಆಕಾಶ ಬಿಳಿಯಾಗಿ ಒಣಗಿರಬೇಕು. ಆ ವರ್ಷ ದೀಪಾವಳಿಯ ಪಣತಿ ಎತ್ತಿಡುವ ಮೊದಲೇ ಮೋಡ ಬಂತು, ಹೋಗಲಿಲ್ಲ. ಇಂಥ ತಂಪಿನಲ್ಲಿ ದಾವಣಿ ರೋಗ ಬೀಳುತ್ತದೆ. ಎಲೆಯ ಮೇಲೆ ಎಣ್ಣೆ ಹನಿ ಬಿದ್ದಂತೆ ಕಲೆ, ತಿರುವಿ ನೋಡಿದರೆ ಅಡಿಯಲ್ಲಿ ಬಿಳಿ ಬೂಷ್ಟು, ಆಮೇಲೆ ಗೊನೆಗೆ ಗೊನೆಯೇ ಕಂದು ಬಣ್ಣಕ್ಕೆ ತಿರುಗಿ ಮುರುಟುತ್ತದೆ. ಬರುವುದಕ್ಕೆ ಮುಂಚೆ ಔಷಧ ಹೊಡೆಯಬೇಕು. ಹೊಡೆದ ಮೇಲೆ ಮಳೆ ಬಂದು ತೊಳೆದರೆ ಮತ್ತೆ ಹೊಡೆಯಬೇಕು. ಮತ್ತೆ ತೊಳೆದರೆ ಮತ್ತೆ. ನಾನು ಟ್ರ್ಯಾಕ್ಟರಿಗೆ ಔಷಧ ಊದುವ ಬ್ಲೋವರ್ ಕಟ್ಟಿಕೊಂಡು ಪಡದ ಒಂದು ತುಂಡು ಮುಗಿಸಿ ಇನ್ನೊಂದಕ್ಕೆ ಹೊರಳುವಷ್ಟರಲ್ಲಿ ಹನಿ ಶುರುವಾಗುತ್ತಿತ್ತು. ಮನೆಯವರೆಲ್ಲ ಕತ್ತು ಮೇಲೆತ್ತಿಕೊಂಡೇ ಓಡಾಡುತ್ತಿದ್ದರು. ಉಣ್ಣುವಾಗ ಕೂಡ ಒಬ್ಬರು ಎದ್ದು ಹೊರಗೆ ಹೋಗಿ ಮೋಡ ನೋಡಿ ಬರುವುದು.

ಆ ಗದ್ದಲದೊಳಗೆ ಬಸುನ ಮಗ ಸಮರ್ಥನಿಗೆ ಜ್ವರ ಬಂತು. ಎರಡೂವರೆ ವರ್ಷದವನು. ಟ್ರ್ಯಾಕ್ಟರಿನ ಸದ್ದು ಕೇಳಿದರೆ ಅಂಗಳಕ್ಕೆ ಓಡಿಬಂದು, ನನಗಿಂತ ಮೊದಲು ಸ್ಟೇರಿಂಗ್ ಹಿಡಿಯಬೇಕು ಅನ್ನುವವನು. ಅಥಣಿಯ ಡಾಕ್ಟರ್ ನೋಡಿ ಒಂದು ಜ್ವರದ ಔಷಧ ಬರೆದುಕೊಟ್ಟರು, ಅದರ ಮುಚ್ಚಳದಲ್ಲಿ ಅರ್ಧ, ದಿನಕ್ಕೆ ಮೂರು ಸಲ ಎಂದರು. ಮನೆಯಲ್ಲಿ ಇನ್ನೊಂದು ಸಣ್ಣ ಬಾಟಲಿ ಇತ್ತು. ಬಸುನ ಹೆಂಡತಿ ಸವಿತಾಳ ಅಕ್ಕ ಹಬ್ಬಕ್ಕೆ ಕೈಗೂಸು ಕರೆದುಕೊಂಡು ಬಂದವಳು, ಇದು ಭಾಳ ಚಲೋ ಐತಿ, ಲಗೂ ಜ್ವರ ಇಳಿಸತೈತಿ ಎಂದು ಬಿಟ್ಟುಹೋಗಿದ್ದಳು. ಹನಿ ಹಾಕುವ ರಬ್ಬರಿನ ನಳಿಕೆ ಎಲ್ಲೋ ಕಳೆದಿತ್ತು. ಹೀಗಾಗಿ ದೊಡ್ಡ ಬಾಟಲಿಯ ಮುಚ್ಚಳವೇ ಎರಡಕ್ಕೂ ಅಳತೆಯಾಯಿತು.

ಬೆಳಿಗ್ಗೆ ಪಡಕ್ಕೆ ಹೊರಡುವ ಮುಂಚೆ ಸವಿತಾ ಕುಡಿಸುವಳು. ಆಮೇಲೆ ಮಗು ಬಿಸಿ ಅನಿಸಿದರೆ ಅವ್ವ ಕುಡಿಸುವಳು. ನಡುವೆ ಚಹಾಕ್ಕೆ ಬಂದ ಬಸು, ಪಾಪ ಮಗನ ಹಣೆ ಮುಟ್ಟಿ ನೋಡಿ, ಕೈಗೆ ಯಾವುದು ಸಿಕ್ಕರೆ ಅದನ್ನು ಕುಡಿಸುವನು. ಎಲ್ಲರಿಗೂ ಕೂಸಿನ ಮೇಲೆ ಜೀವ. ಯಾರೂ ಯಾರನ್ನೂ ಕೇಳಲಿಲ್ಲ. ಕೇಳುವ ಪದ್ಧತಿಯೂ ನಮ್ಮಲ್ಲಿ ಇರಲಿಲ್ಲ. ದೊಡ್ಡ ಮನೆಯಲ್ಲಿ ಮಗುವಿಗೆ ತುತ್ತು ಹಾಕುವವರು ಒಬ್ಬರಿಗೊಬ್ಬರು ಕೇಳಿಕೊಂಡು ಹಾಕುತ್ತಾರೆಯೇ? ಔಷಧವೂ ಹಾಗೆಯೇ ನಡೆಯಿತು.

ಎರಡನೆಯ ದಿನ ಮಗು ವಾಂತಿ ಮಾಡಿಕೊಂಡಿತು. ಕುಡಿಸಿದ್ದೆಲ್ಲ ಹೊರಗೆ ಬಂತೆಂದು ಅವ್ವ ಮತ್ತೆ ಕುಡಿಸಿದಳು. ಮತ್ತೆ ವಾಂತಿ. ಕಟ್ಟೆಯ ಮೇಲೆ ಕುಳಿತು ಚಹಾ ಕುಡಿಯುತ್ತಿದ್ದ ಬಸು ಒಳಗಿನಿಂದ ಬಾಟಲಿ ತರಿಸಿದ.

"ಹೊಡದ ಔಷಧ ಮಳಿ ತೊಳದರ ನಾವು ಕೈ ಕಟಗೊಂಡ ಕುಂದರ್ತೀವೇನು? ಮತ್ತ ಹೊಡಿತೀವಿ" ಅಂದ. "ಹೊಟ್ಟ್ಯಾಗ ನಿಂತರಲ್ಲಾ ಅದು ಹತ್ತೋದು."

ಆ ವಾರ ನಮ್ಮ ತಲೆಯಲ್ಲಿ ಬೇರೆ ಯಾವ ಲೆಕ್ಕವೂ ಇರಲಿಲ್ಲ. ಪಡದಲ್ಲಿ ಯಾವುದು ಖರೆಯೋ ಅದು ಮನೆಯಲ್ಲೂ ಖರೆ. ಆ ಮಾತು ಕೇಳಿ ಯಾರಿಗೂ ಅಡ್ಡ ಅನಿಸಲಿಲ್ಲ, ನಾನೂ ಚಹಾ ಮುಗಿಸಿ ಟ್ರ್ಯಾಕ್ಟರ್ ಏರಿದೆ.

ಮರುದಿನ ಬೆಳಿಗ್ಗೆ ನಾನು ಕೆಳಗಿನ ತುಂಡಿನಲ್ಲಿ ಔಷಧ ಹೊಡೆಯುತ್ತಿದ್ದೆ. ತಿರುವಿನಲ್ಲಿ ಸವಿತಾ ನಿಂತಿದ್ದಳು. ಮಗುವನ್ನು ಟವೆಲ್ಲಿನಲ್ಲಿ ಸುತ್ತಿ ಎತ್ತಿಕೊಂಡಿದ್ದಳು, ತಲೆಯ ಮೇಲೆ ಗೊಬ್ಬರದ ಚೀಲದ ಕೊಪ್ಪೆ. ಮದುವೆಯಾಗಿ ಬಂದಾಗಿನಿಂದ ಆಕೆ ನನ್ನೆದುರಿಗೆ ನಿಂತು ಮಾತಾಡಿದವಳಲ್ಲ. ಏನಿದ್ದರೂ ನನ್ನ ಹೆಂಡತಿಯ ಕೈಯಲ್ಲಿ ಹೇಳಿಕಳಿಸುವವಳು. ನಾನು ಇಂಜಿನ್ ಬಂದ್ ಮಾಡಿದೆ.

"ಭಾವಾರ, ಗಾಡಿ ತಗೀರಿ. ಜ್ವರ ಇಳದೈತಿ, ಆದರ ಇಂವಾ ನನ್ನ ಗುರ್ತ ಹಿಡೀಲಾರದಂಗ ನೋಡಾಕತ್ತಾನ."

ಹತ್ತಿರದಲ್ಲಿದ್ದ ಬಸು, ಜ್ವರ ಇಳಿದ ಮೇಲೆ ಇನ್ನೇನು, ಈ ತುಂಡು ಮುಗಿಸಿ ಸಂಜೆಗೆ ಹೋದರಾಯಿತು ಅಂದ. ಸವಿತಾ ಅವನ ಕಡೆ ನೋಡಲೂ ಇಲ್ಲ. ನಾನು ಇಳಿದೆ.

ಮಿರಜದ ದೊಡ್ಡ ದವಾಖಾನೆಗೆ ಹೊರಟೆವು, ಕಾಗವಾಡದ ಹತ್ತಿರ ರಸ್ತೆ ಕಟ್ಟಿತ್ತು. ಶಿರಗುಪ್ಪಿ ಕಡೆಗೆ ಕಬ್ಬು ಹೇರಿಕೊಂಡು ಹೊರಟ ಟ್ರೇಲರ್ ಒಂದು ಕೆಸರಿನಲ್ಲಿ ವಾಲಿ ನಿಂತಿತ್ತು, ಅದರ ಹಿಂದೆ ಸಾಲು. ನಾನು ಇಳಿದು ಬೈದೆ, ಕೈಮುಗಿದೆ, ಕೊನೆಗೆ ಬದಿಯ ಹೊಲದೊಳಗೆ ಗಾಡಿ ಇಳಿಸಿ ಆಚೆ ದಾಟಿದೆ. ಹಿಂದಿನ ಸೀಟಿನಲ್ಲಿ ಸವಿತಾ ಮಗನಿಗೆ ಮರಾಠಿಯಲ್ಲಿ ಏನೋ ಹೇಳುತ್ತಲೇ ಇದ್ದಳು. ಮಿರಜ ಕಡೆಯ ಹುಡುಗಿ, ಹೆದರಿದಾಗ ಆಕೆಗೆ ಮರಾಠಿಯೇ ಬರುತ್ತದೆ. ಬಸು ಕಿಡಕಿಯಿಂದ ಮೋಡ ನೋಡುತ್ತಿದ್ದ. ನಾನು ಮುಂದಿನ ಗಾಜಿನಿಂದ ಅದನ್ನೇ ನೋಡುತ್ತಿದ್ದೆ.

ಮಿರಜದ ಮಕ್ಕಳ ದವಾಖಾನೆಯಲ್ಲಿ ನಮ್ಮನ್ನು ಮೊದಲು ಕೂಡಿಸಿ ಮಾತಾಡಿಸಿದ್ದು ಸುನಂದಾ ಎಂಬ ಸಿಸ್ಟರ್. ರಾಯಬಾಗ ಕಡೆಯವಳು, ನಮ್ಮ ಮಾತು ಕೇಳಿ ತಾನೂ ಕನ್ನಡಕ್ಕೆ ಹೊರಳಿದಳು. ತೂಕ ಎಷ್ಟು ಎಂದು ಕೇಳಿದಳು. ಬಸು ಎದೆ ಉಬ್ಬಿಸಿ ಹದಿನಾಲ್ಕು ಕಿಲೋ ಅಂದ; ಹಬ್ಬದಲ್ಲಿ ಗೋದಿ ತೂಗುವ ಕಾಟಾದ ಮೇಲೆ ಮಗನನ್ನು ನಿಲ್ಲಿಸಿ ಎಲ್ಲರಿಗೂ ತೋರಿಸಿದ್ದ. ಆಕೆ ಮಗುವಿನ ಸ್ವೆಟರ್ ತೆಗೆಸಿದಳು, ಬೆಳ್ಳಿಯ ಉಡದಾರ, ಕಡಗ, ಕೊರಳಿನ ತಾಯತ ಎಲ್ಲ ತೆಗೆಸಿ ತೂಗಿದಳು. ಹನ್ನೆರಡು ಚಿಲ್ಲರೆ ಬಂತು.

"ಇಲ್ಲಿ ಔಷಧ ಕೊಡೋದು ಮಗೂಗ್ರಿ, ಬೆಳ್ಳಿಗಲ್ಲ" ಅಂದಳು. ನಗುತ್ತಲೇ ಅಂದಳು, ಬಸುಗೆ ಸಿಟ್ಟು ಬಂತು.

ಆಮೇಲೆ ಆಕೆ ಕೇಳಿದ್ದು ಯಾವ ಔಷಧ, ಎಷ್ಟು, ಯಾವಾಗ, ಯಾರು ಕುಡಿಸಿದರು ಎಂದು. ಸವಿತಾ ತನ್ನದು ಹೇಳಿದಳು. ಬಸು ತನ್ನದು ಹೇಳಿ, ಅಲ್ಲ ಎಂದು ತಿದ್ದಿ, ಮತ್ತೆ ಬೇರೆ ಹೇಳಿದ. ಅವ್ವನಿಗೆ ಫೋನ್ ಮಾಡಿದರೆ, ಅತ್ತಾಗ ಕುಡಿಸೇನಿ, ಅಂಗೈಯಾಗ ಲೆಕ್ಕ ಇಟ್ಟಕೊಂಡು ಕುಂತಿಲ್ಲ ನಾನು ಅಂದಳು. ನನಗೆ ಅಲ್ಲಿ ಮುಖ ಎತ್ತಲಾಗಲಿಲ್ಲ. ನಮ್ಮ ಪಡದಲ್ಲಿ ಯಾವ ಬಳ್ಳಿಗೆ ಯಾವ ದಿನ ಏನು ಹೊಡೆದಿದೆ ಎಂದು ಯಾವ ಆಳನ್ನು ಕೇಳಿದರೂ ಹೇಳುತ್ತಾನೆ.

ಸವಿತಾ ಕೈಚೀಲದಿಂದ ಎರಡೂ ಬಾಟಲಿ ತೆಗೆದು ಮೇಜಿನ ಮೇಲಿಟ್ಟಳು. ಹೊರಡುವ ಅವಸರದಲ್ಲಿ ಅವನ್ನು ಹಾಕಿಕೊಂಡು ಬರಬೇಕೆಂದು ಆಕೆಗೆ ಹೇಗೆ ಹೊಳೆಯಿತೋ ಗೊತ್ತಿಲ್ಲ. ಸಿಸ್ಟರ್ ಸಣ್ಣ ಬಾಟಲಿಯನ್ನು ಬೆಳಕಿಗೆ ಹಿಡಿದಳು. ಅದು ತಳ ಕಂಡಿತ್ತು. ಆಕೆಯ ಮುಖದ ಮೇಲಿನ ನಗು ಹೋಯಿತು. ಅಲ್ಲಿಯ ಹೆಣ್ಣು ಡಾಕ್ಟರನ್ನು, ಎಲ್ಲರೂ ಡಾಕ್ಟರ್ ಬಾಯಿ ಅನ್ನುವವರನ್ನು, ಕರೆಸಿದಳು.

ಎರಡೂ ಬಾಟಲಿಯ ಹೆಸರು ಬೇರೆ, ಒಳಗಿರುವುದು ಒಂದೇ, ಪ್ಯಾರಾಸಿಟಮಾಲ್. ಸಣ್ಣದು ಕೈಗೂಸುಗಳದ್ದು, ಅವು ಹೆಚ್ಚು ಕುಡಿಯಲಾರವೆಂದು ಗಟ್ಟಿ ಮಾಡಿರುತ್ತಾರೆ, ಅದನ್ನು ಹನಿ ಲೆಕ್ಕದಲ್ಲಿ ಹಾಕಬೇಕು. ದೊಡ್ಡದು ತೆಳು. ತೆಳುವಿನ ಅಳತೆಯಲ್ಲಿ ನಾವು ಗಟ್ಟಿಯದನ್ನು ಕುಡಿಸಿದ್ದೆವು, ಅದೂ ಮೂರು ಕೈಯಿಂದ. ವಾಂತಿಯಾದರೆ ಕುಡಿಸಿದ್ದೆಲ್ಲ ಹೊರಗೆ ಬಂದಿರುವುದಿಲ್ಲವಂತೆ. ವಾಂತಿಯೇ ಆ ಔಷಧ ಅತಿಯಾದದ್ದರಿಂದ ಬಂದಿರಬಹುದು ಎಂದು ಡಾಕ್ಟರ್ ಬಾಯಿ ಅಂದರು. ಅಂದರೆ ನಾವು ಬೇನೆಯನ್ನೇ ಮತ್ತೆ ಮತ್ತೆ ಮುಚ್ಚಳದಲ್ಲಿ ಅಳೆದು ಹಾಕಿದಂತೆ. ರಕ್ತ ತೆಗೆದರು, ಲಿವರಿಗೆ ಪೆಟ್ಟು ಬೀಳದಿರಲೆಂದು ಬೇರೊಂದು ಔಷಧವನ್ನು ಸಲೈನಿನಲ್ಲಿ ಹಚ್ಚಿದರು.

ವಾರ್ಡಿನಲ್ಲಿ ನನಗೆ ಮೊದಲು ಸಿಟ್ಟು ತರಿಸಿದ್ದು ಅವರ ಕೇಳುವಿಕೆ. ಪ್ರತಿ ಸಲ ಔಷಧ ತಂದಾಗ ಇಬ್ಬರು ಸಿಸ್ಟರ್ ಬರುತ್ತಿದ್ದರು. ಒಬ್ಬಳು ಔಷಧದ ಹೆಸರು, ಅಳತೆ, ತೂಕ ಓದುವಳು. ಇನ್ನೊಬ್ಬಳು ತಾನೇ ನೋಡಿ ತಿರುಗಿ ಹೇಳುವಳು. ಆಮೇಲೆ ಮಗುವಿನ ಹೆಸರು ಏನು, ತಂದೆಯ ಹೆಸರು ಏನು ಎಂದು ನಮ್ಮನ್ನು ಕೇಳುವರು. ಇದೇ ಹಾಸಿಗೆ, ಇದೇ ಮಗು, ಬಂದಾಗಿನಿಂದ ನಾನೇ ಕೂತಿದ್ದೇನೆ. ಹೆಸರು ಮರೆಯುವವರ ಕೈಯಲ್ಲಿ ಮಗುವನ್ನು ಕೊಟ್ಟೆವೇ ಎಂದು ಕೇಳಿಬಿಟ್ಟೆ.

ಸುನಂದಾ ಸಿಸ್ಟರ್ ಸಲೈನಿನ ಚಕ್ರ ತಿರುವುತ್ತಲೇ ಹೇಳಿದಳು. "ಹೆಸರ ಮರತಿಲ್ಲ ಕಾಕಾ. ದಿನಾ ಮಾಡೋ ಕೆಲಸದಾಗ ಕೈ ತಾನ ಓಡತೈತಿ, ಕಣ್ಣು ಹಿಂದ ಉಳಿತೈತಿ. ಬಾಯಿಬಿಟ್ಟ ಕೇಳಿದರ ಕೈ ನಿಲ್ಲತೈತಿ. ಅದಕ್ಕ ಕೇಳೋದು."

ಮುಂದಿನ ಸಲ ಕೇಳುವ ಮೊದಲೇ ಹೆಸರು ಹೇಳಹೋದೆ, ಅದಕ್ಕೂ ಬೈಸಿಕೊಂಡೆ. ತಾನು ಕೇಳಿದ ಮೇಲೆಯೇ ಹೇಳಬೇಕಂತೆ.

ನಿಜವಾದ ಕಷ್ಟ ಮರುದಿನ ಬಂತು. ಬೆಳಿಗ್ಗೆ ಸಮರ್ಥ ಎದ್ದು ಕುಳಿತಿದ್ದ. ಜ್ವರವಿಲ್ಲ, ವಾಂತಿಯಿಲ್ಲ. ಬಿಸ್ಕೀಟ್ ತಿಂದ. ಹಾಸಿಗೆಯ ಕಬ್ಬಿಣದ ಸರಳು ಹಿಡಿದು ಸ್ಟೇರಿಂಗ್ ತಿರುಗಿಸಿ ಬಾಯಲ್ಲಿ ಟ್ರ್ಯಾಕ್ಟರಿನ ಸದ್ದು ಮಾಡಿದ. ಅದೇ ಹೊತ್ತಿಗೆ ಊರಿನಿಂದ ಫೋನ್: ಮಳೆ ಜೋರಾಗಿದೆ, ಮಗ್ಗುಲಿನವರು ಆಗಲೇ ಒಂದು ಸಲ ಹೊಡೆದು ಮುಗಿಸಿದ್ದಾರೆ, ನಮ್ಮ ಕೆಳಗಿನ ತುಂಡಿನ ಎಲೆಯ ಮೇಲೆ ಎಣ್ಣೆ ಕಲೆ ಕಂಡಿದೆ. ಬ್ಲೋವರ್ ನಡೆಸಬಲ್ಲವರು ಮನೆಯಲ್ಲಿ ನಾನು, ಬಸು ಇಬ್ಬರೇ. ಇಬ್ಬರೂ ಮಿರಜದಲ್ಲಿ.

ಮಗುವನ್ನು ಕರೆದುಕೊಂಡು ಹೋಗುತ್ತೇವೆ ಎಂದು ಬಸು ಡಾಕ್ಟರ್ ಬಾಯಿಗೆ ಹೇಳಿಯೇಬಿಟ್ಟ. ಆಕೆ ಮರಾಠಿಯಲ್ಲಿ, "ಆಜ ನಾಹೀ ದಿಸಣಾರ" ಅಂದರು, ಇವತ್ತು ಕಾಣುವುದಿಲ್ಲ ಎಂದು. ಈ ಔಷಧ ಲಿವರನ್ನು ಹಿಡಿದರೆ ಒಂದೆರಡು ದಿನ ಮಗು ಚೆನ್ನಾಗಿಯೇ ಕಾಣುತ್ತದೆ, ಕೆಡುವುದು ಆಮೇಲೆ. ಸಲೈನ್ ನಡುವೆ ನಿಲ್ಲಿಸಬಾರದು, ರಕ್ತ ಮತ್ತೆ ಮತ್ತೆ ನೋಡಬೇಕು. ಆದರೂ ಹೋಗುತ್ತೇವೆಂದರೆ ನಿಮ್ಮ ಹೊಣೆ ಎಂದು ಆಕೆ ಹೊರಟುಹೋದರು. ಬಸು ನನ್ನನ್ನು ಪಡಸಾಲೆಗೆ ಎಳೆದುಕೊಂಡು ಬಂದ.

"ಅಣ್ಣಾ, ಹುಡುಗ ಆಡಾಕತ್ತಾನ, ಕಣ್ಣಿಗಿ ಕಾಣತೈತೇನಿಲ್ಲ ನಿನಗ? ಇಲ್ಲಿ ಕುಂತ ಬಿಲ್ಲ ಏರಸೋದು, ಅಲ್ಲಿ ಪಡ ಹೋಗೋದು. ವರ್ಷದ ದುಡಿತ ಅದು. ನೀ ಒಂದ ಮಾತ ಅಂದರ ಸವಿತಾ ಕೇಳ್ತಾಳ."

ಪಡಸಾಲೆಯ ಈ ತುದಿಯಿಂದ ಆ ತುದಿಗೆ ನಡೆದೆ, ಮತ್ತೆ ನಡೆದೆ. ನಿಜ ಹೇಳಬೇಕೆಂದರೆ ನನ್ನ ಅರ್ಧ ಜೀವ ಅವನ ಮಾತಿಗೆ ಹೂಂ ಅನ್ನುತ್ತಿತ್ತು. ಆ ಬಳ್ಳಿಗಳನ್ನು ನಾನು ಮಕ್ಕಳಂತೆ ಸಾಕಿದ್ದೇನೆ ಎಂದು ಯಾರ್ಯಾರಿಗೋ ಹೇಳಿದ್ದೆ. ಹೊರಗೆ ತಗಡಿನ ಮೇಲೆ ಮಳೆ ಬೀಳುತ್ತಿತ್ತು. ಪ್ರತಿ ಹನಿಯೂ ನನ್ನ ಗೊನೆಯ ಮೇಲೆಯೇ ಬಿದ್ದ ಹಾಗೆ. ಒಳಗೆ ಹಣಿಕಿದರೆ ಹುಡುಗ ಸರಳು ಹಿಡಿದು ಗೇರ್ ಹಾಕುತ್ತಿದ್ದ, ಸವಿತಾ ಅವನ ಇನ್ನೊಂದು ಕೈಯ ಸೂಜಿ ಅಲುಗದಂತೆ ಹಿಡಿದುಕೊಂಡು ಕುಳಿತಿದ್ದಳು. ಆಕೆ ನನ್ನ ಕಡೆ ನೋಡಿದಳು. ಹೇಳುವುದನ್ನು ಆಗಲೇ ಮಳೆಯಲ್ಲಿ ನಿಂತು ಹೇಳಿ ಮುಗಿಸಿದ್ದಳು.

ತಿರುಗಿ ಬಸುನ ಹತ್ತಿರ ಬಂದೆ. "ದಾವಣಿ ಯಾವಾಗ ಬೀಳತೈತಲೇ?" ಎಂದು ಕೇಳಿದೆ. "ಕಲೆ ಕಂಡ ದಿನಾನ?"

"ಅಲ್ಲ. ಮೊದಲ ಒಳಗ ಹೊಕ್ಕಿರತೈತಿ."

"ಆವಾಗ ಎಲಿ ಹೆಂಗಿರತೈತಿ?"

ಬಸು ವಾರ್ಡಿನ ಬಾಗಿಲ ಕಡೆ ನೋಡಿದ. ಎಲೆ ಹಸಿರಾಗಿರುತ್ತದೆ, ನಳನಳಿಸುತ್ತಿರುತ್ತದೆ. ಇದು ಅವನಿಗೆ ನಾನೇ ಕಲಿಸಿದ್ದು.

"ನೀ ಹೋಗಿ ಹೊಡಿ" ಅಂದೆ. "ನಾ ಇಲ್ಲಿ ಇರತೀನಿ."

ಅವನು ಗಾಡಿಯ ಕೀಲಿ ತೆಗೆದುಕೊಂಡು ಮೆಟ್ಟಿಲ ತನಕ ಹೋದ. ಅಲ್ಲೇ ಕುಳಿತ. ಬಹಳ ಹೊತ್ತು ಕುಳಿತು ಒಳಗೆ ಬಂದು ಹಾಸಿಗೆಯ ಕಾಲ ಹತ್ತಿರ ನೆಲದ ಮೇಲೆ ಕುಳಿತ. ನೀನೇ ಹೋಗಣ್ಣಾ ಅಂದ. ನಾನೂ ಹೋಗಲಿಲ್ಲ. ನಾನು ಬೆನ್ನು ತಿರುಗಿಸಿದರೆ ಬಸು ಮತ್ತೆ ಮಗುವನ್ನು ಎತ್ತಿಕೊಂಡು ಹೊರಡುತ್ತಾನೆಂಬ ಅಂಜಿಕೆ ನನಗೆ ಪೂರ್ತಿ ಹೋಗಿರಲಿಲ್ಲ. ಮಗ್ಗುಲಿನ ಹೊಲದವರಿಗೆ ಫೋನ್ ಮಾಡಿ, ನಿಮ್ಮದು ಮುಗಿದ ಮೇಲೆ ನಮ್ಮದಕ್ಕೆ ಒಂದು ಸಲ ಹೊಡೆದುಕೊಡಿರಿ ಎಂದು ಕೇಳಿಕೊಂಡೆ. ಹೂಂ ಅಂದರು. ಮೇಲಿನ ತುಂಡಿಗೆ ಹೊಡೆದರು. ಕೆಳಗಿನದಕ್ಕೆ ಟ್ರ್ಯಾಕ್ಟರ್ ಇಳಿಸುವಷ್ಟು ನೆಲ ಗಟ್ಟಿ ಉಳಿದಿರಲಿಲ್ಲ.

ಆಮೇಲಿನ ರಕ್ತದ ವರದಿ ಬಂದಾಗ ಡಾಕ್ಟರ್ ಬಾಯಿ ನಮ್ಮನ್ನು ಹೊರಗೆ ಕರೆದರು. ಲಿವರಿನ ಲೆಕ್ಕ ಏರಿತ್ತು, ಬಹಳ ಏರಿತ್ತು. ಸಂಜೆಯೊಳಗೆ ಹುಡುಗನ ಆಟ ನಿಂತಿತು. ಕಣ್ಣಿನ ಬಿಳಿಗೆ ತೆಳುವಾಗಿ ಅರಿಸಿನ ಬಂತು. ಬಸು ಅದನ್ನು ನೋಡಿದವನು ಗೋಡೆಗೆ ಹಣೆ ಹಚ್ಚಿ ನಿಂತುಬಿಟ್ಟ. ಅವ್ವ ಫೋನಿನಲ್ಲಿ ಕೊಕಟನೂರ ಎಲ್ಲಮ್ಮನಿಗೆ ಹರಕೆ ಹೊತ್ತ ಸುದ್ದಿ ಹೇಳಿದಳು, ಅಳಲಿಲ್ಲ, ಧ್ವನಿ ಮಾತ್ರ ಸಣ್ಣದಾಗಿತ್ತು. ಆ ದಿನಗಳಲ್ಲಿ ನಾನು ನಿಂತಲ್ಲಿ ನಿಂತಿಲ್ಲ, ಕೂತಲ್ಲಿ ಕೂತಿಲ್ಲ. ದವಾಖಾನೆಯ ಮುಂದಿನ ಚಹಾದ ಅಂಗಡಿಗೆ ಹೋಗುವುದು, ಕಪ್ಪು ತುಟಿಗೆ ಹಚ್ಚಿ ಬಿಟ್ಟು ಬರುವುದು. ಇಬ್ಬರು ಸಿಸ್ಟರ್ ಬಂದು ಹೆಸರು ಕೇಳಿದಾಗ ಮಾತ್ರ ಎದೆ ಒಂದು ನಿಮಿಷ ತಂಪಾಗುತ್ತಿತ್ತು. ಸಮರ್ಥ, ಬಸವರಾಜನ ಮಗ, ಎಂದು ಜೋರಾಗಿ ಹೇಳುತ್ತಿದ್ದೆ.

ಲೆಕ್ಕ ಏರಿತು, ನಿಂತಿತು, ಆಮೇಲೆ ಇಳಿಯಿತು. ಇಳಿದಿದೆ ಎಂದು ಸುನಂದಾ ಸಿಸ್ಟರ್ ಹೇಳಿದ ದಿನ ಹುಡುಗ ಅನ್ನ ಸಾರು ಬೇಡಿದ. ಬಸು ಆಕೆಯ ಕಾಲಿಗೆ ಬೀಳಹೋದ, ಆಕೆ ಹಿಂದೆ ಸರಿದು, ಇಲ್ಲೆಲ್ಲ ನೆಲ ಒರಸ್ಯಾರ್ರಿ, ಜಾರಿ ಬಿದ್ದರ ನಿಮಗೂ ಒಂದ ಹಾಸಿಗಿ ಹಾಕಬೇಕಾಗತೈತಿ ಅಂದಳು.

ಊರಿಗೆ ಬಂದಾಗ ಮಳೆ ನಿಂತು ಬಿಸಿಲು ಬಿದ್ದಿತ್ತು. ಕೆಳಗಿನ ತುಂಡಿನಲ್ಲಿ ಗೊನೆಗಳು ಸುಟ್ಟ ಊದಿನಕಡ್ಡಿಯ ಹಾಗೆ ಜೋತಾಡುತ್ತಿದ್ದವು, ಮುಟ್ಟಿದರೆ ಉದುರುತ್ತಿದ್ದವು. ನಾನು ಸಾಲಿನ ತುದಿಯ ತನಕ ಹೋಗಿ ಬಂದೆ. ಮುಂದಿನ ವರ್ಷ ಅಲ್ಲಿಯ ಬಳ್ಳಿ ಕಿತ್ತು ಕಬ್ಬು ಹಚ್ಚಿದೆವು.

ಮನೆಯೊಳಗೆ ಮಾತ್ರ ಸವಿತಾಳ ಕಾನೂನು ಬಂತು. ಮಕ್ಕಳ ಔಷಧ ಕುಡಿಸುವ ಕೈ ಒಂದೇ, ಅದು ಆಕೆಯದು. ಆಕೆ ಇಲ್ಲದಿದ್ದರೆ ಫೋನ್ ಮಾಡಿ ಕೇಳಿ ಕುಡಿಸಬೇಕು. ದವಾಖಾನೆಯಿಂದ ತಂದ, ಗೆರೆ ಇರುವ ಸೂಜಿಯಿಲ್ಲದ ಪಿಚಕಾರಿಯೇ ಅಳತೆ. ಚಮಚ ಇಲ್ಲ, ಮುಚ್ಚಳ ಇಲ್ಲ. ಕುಡಿಸುವ ಮುಂಚೆ ಇನ್ನೊಬ್ಬರಿಗೆ ಬಾಟಲಿ ತೋರಿಸಿ ಏನು, ಎಷ್ಟು, ಯಾರಿಗೆ ಎಂದು ಬಾಯಿಬಿಟ್ಟು ಹೇಳಬೇಕು. ವಾಂತಿಯಾದರೆ ಡಾಕ್ಟರಿಗೆ ಕೇಳಬೇಕು, ತಾನೇ ಮತ್ತೆ ಕುಡಿಸಬಾರದು. ಅವ್ವನಿಗೆ ಇದು ಬಹಳ ದಿನ ನುಂಗಲಾಗಲಿಲ್ಲ. ಹಡೆದು ಸಾಕಿದ ಕೈಗೆ ಈಗ ಪರೀಕ್ಷೆ ಬಂತು, ಮನೆಗೆ ಸೊಸೆ ಬಂದಾಳೋ ನರ್ಸ್ ಬಂದಾಳೋ ಎಂದು ನೆರೆಯವರೆದುರು ಆಡಿಕೊಂಡಳು. ಸವಿತಾ ಪಿಚಕಾರಿಯನ್ನು ಮಾತ್ರ ಕೊಡಲಿಲ್ಲ.

ಪಡದ ಕೆಲಸಕ್ಕೆ ಬರುವ ಹೆಣ್ಣುಮಕ್ಕಳು ಕೂಸುಗಳನ್ನು ಬದುವಿನ ಮೇಲೆ ಸೀರೆಯ ಜೋಳಿಗೆಯಲ್ಲಿ ಮಲಗಿಸುತ್ತಾರೆ. ಒಬ್ಬಳ ಕೂಸಿಗೆ ತಂದ ಔಷಧ ಇನ್ನೊಬ್ಬಳ ಕೂಸಿಗೂ ನಡೆಯುತ್ತಿತ್ತು. ಹೋದ ವರ್ಷ ಒಬ್ಬಳು ನಮ್ಮ ಮನೆಯಲ್ಲಿ ಉಳಿದ ಬಾಟಲಿ ಕೇಳಿದಳು. ಕೊಡುವುದಿಲ್ಲ ಅಂದೆ. "ಸಾವಕಾರ ಗೊನಿ ಗೊನಿ ದ್ರಾಕ್ಷಿ ಹಂಚ್ತಾನ, ಒಂದ ಬಾಟ್ಲಿಗೆ ಜುಗ್ಗ ಆದ ನೋಡ" ಎಂದು ಆಕೆ ಎಲ್ಲರಿಗೂ ಕೇಳುವಂತೆ ಅಂದಳು. ಕೂಸನ್ನೂ ಆಕೆಯನ್ನೂ ಗಾಡಿಯಲ್ಲಿ ಕೂಡಿಸಿಕೊಂಡು ಅಥಣಿಗೆ ಹೋಗಿ ತೂಕ ಮಾಡಿಸಿ, ಅದಕ್ಕೆಂದೇ ಬರೆದ ಔಷಧ ಕೊಡಿಸಿದೆ. ಜುಗ್ಗ ಅನ್ನುವ ಹೆಸರು ಈಗಲೂ ಇದೆ, ಇರಲಿ.

ಕಳೆದ ವಾರ ಅಥಣಿಯ ಅಂಗಡಿಯಲ್ಲಿ ಗುಳಿಗೆ ಬಿಟ್ಟು ಬಂದಿದ್ದಕ್ಕೆ ಅವ್ವ ನನ್ನನ್ನು ಬೈದಳು. ಯಾಕೆ ಬಿಟ್ಟುಬಂದೆ ಎಂದು ಹೇಳಿದ ಮೇಲೆ ಬೈಗಳು ಅರ್ಧಕ್ಕೆ ನಿಂತವು.

ಈಗ ನನ್ನ ಹತ್ತಿರ ಇರುವುದು ಇಷ್ಟು. ದ್ರಾಕ್ಷಿ ಪಡ ಮೂರು ಎಕರೆ, ಮೊದಲು ಐದಿತ್ತು. ಕಬ್ಬು ನಾಲ್ಕು ಎಕರೆ. ಬಾವಿ ಒಂದು, ಬೋರು ಎರಡು. ಟ್ರ್ಯಾಕ್ಟರ್ ಒಂದು, ಗಾಡಿ ಒಂದು, ಮೋಟರ್‌ಸೈಕಲ್ ಒಂದು, ಎಮ್ಮೆ ಎರಡು. ಮನೆಯಲ್ಲಿ ಮಕ್ಕಳು ನಾಲ್ಕು, ನನ್ನವು ಎರಡು, ಬಸುನವು ಎರಡು, ಸಮರ್ಥನೂ ಸೇರಿ.